ಹಂಚಿಕೆಯ ಕಾರು, ಕಾವಲಿನ ಕಣ್ಣು

2025ರ ಡಿಸೆಂಬರ್ ಆರಂಭದಲ್ಲಿ ಜಿಪ್‌ಕಾರ್ ಸಂಸ್ಥೆಯು ಲಂಡನ್ನಿನಲ್ಲಿ ನಡೆಸುತ್ತಿದ್ದ ಕಾರು ಹಂಚಿಕೆ ಸೇವೆಯನ್ನು ವರ್ಷಾಂತ್ಯಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಗೆಟ್‌ಅರೌಂಡ್ ಎಂಬ ಮತ್ತೊಂದು ಸಂಸ್ಥೆ ಅಮೆರಿಕದಲ್ಲಿ ತನ್ನ ವಹಿವಾಟನ್ನು ಮುಗಿಸಿತ್ತು. ಇವೆರಡನ್ನು ಮಾತ್ರ ನೋಡಿದವರಿಗೆ, ಕಾರನ್ನು ಕೊಳ್ಳದೆ ಗಂಟೆಯ ಲೆಕ್ಕದಲ್ಲಿ ಹತ್ತಾರು ಜನ ಸರದಿಯ ಮೇಲೆ ಬಳಸುವ ಈ ಏರ್ಪಾಡಿನ ಕಾಲ ಮುಗಿಯಿತೆಂದು ಅನ್ನಿಸಬಹುದು. ಆದರೆ ಜರ್ಮನಿಯಲ್ಲಿ 2024ರ ಆರಂಭದ ಹೊತ್ತಿಗೆ ಇಂಥ ವಾಹನಗಳ ಸಂಖ್ಯೆ 40 ಸಾವಿರವನ್ನೂ, ನೋಂದಾಯಿತ ಬಳಕೆದಾರರ ಸಂಖ್ಯೆ 50 ಲಕ್ಷವನ್ನೂ ಮೀರಿತ್ತು. ಜಪಾನಿನಲ್ಲಿ ಅದೇ ವರ್ಷ 60 ಸಾವಿರಕ್ಕೂ ಹೆಚ್ಚು ಹಂಚಿಕೆಯ ಕಾರುಗಳಿದ್ದವು. ಸ್ವಿಟ್ಜರ್ಲೆಂಡಿನ ರೈಲು ನಿಲ್ದಾಣಗಳ ಪಕ್ಕದಲ್ಲಿ ಮೊಬಿಲಿಟಿ ಎಂಬ ಸಹಕಾರ ಸಂಘದ ಕೆಂಪು ಕಾರುಗಳು ಇಂದಿಗೂ ಸದಸ್ಯರಿಗಾಗಿ ಕಾದು ನಿಂತಿರುತ್ತವೆ. ಏಳುಬೀಳುಗಳ ಈ ಚರಿತ್ರೆಯಲ್ಲಿ ಒಂದು ಸಂಗತಿ ಮಾತ್ರ ಒಂದೇ ದಿಕ್ಕಿನಲ್ಲಿ ಬೆಳೆಯುತ್ತ ಬಂದಿದೆ. ಕಾರು ಎಲ್ಲಿದೆ, ಯಾರ ಕೈಯಲ್ಲಿದೆ, ಹೇಗೆ ಓಡುತ್ತಿದೆ ಎಂಬುದನ್ನು ದೂರದಿಂದಲೇ ನೋಡುವ ತಂತ್ರಜ್ಞಾನ ಅದು. ಹಂಚಿಕೆಯ ಸೇವೆಗೆ ಆಧಾರವಾಗಿ ಬೆಳೆದ ಆ ಕಣ್ಣು ಯಾರಿಗೆ ಉತ್ತರದಾಯಿ ಎಂಬ ಪ್ರಶ್ನೆಯನ್ನು ಮಾತ್ರ ನಾವು ಇನ್ನೂ ಸರಿಯಾಗಿ ಕೇಳಿಲ್ಲ.

ಮೊದಲು ಅರ್ಥಶಾಸ್ತ್ರದ ಮಾತು. ಕಾರು ಒಂದು ವಿಚಿತ್ರ ಸ್ವತ್ತು. ಅದರ ಬೆಲೆ, ವಿಮೆ, ರಸ್ತೆ ತೆರಿಗೆ, ಸಾಲದ ಮೇಲಿನ ಬಡ್ಡಿ, ವರ್ಷದಿಂದ ವರ್ಷಕ್ಕೆ ಕುಸಿಯುವ ಮರುಮಾರಾಟದ ಮೌಲ್ಯ ಇವೆಲ್ಲ ಕಾರು ಓಡಿದರೂ ಓಡದಿದ್ದರೂ ತಪ್ಪದ ಸ್ಥಿರ ವೆಚ್ಚಗಳು. ಓಡಿದಾಗ ಹೆಚ್ಚಾಗಿ ತಗಲುವುದು ಇಂಧನ ಮತ್ತು ಸವಕಳಿ ಮಾತ್ರ. ಆದ್ದರಿಂದ ಒಮ್ಮೆ ಕೊಂಡವನಿಗೆ ಪ್ರತಿ ಹೊಸ ಪ್ರಯಾಣವೂ ಅಗ್ಗವಾಗಿ ಕಾಣುತ್ತದೆ. ಬೀದಿಯ ಕೊನೆಯ ಅಂಗಡಿಯಿಂದ ಹಾಲು ತರಲೂ ಕಾರು ಹೊರಡುತ್ತದೆ. ಅಮೆರಿಕದ ನಗರ ಯೋಜನಾ ತಜ್ಞ ಡೊನಾಲ್ಡ್ ಶೂಪ್, ವಾಹನ ನಿಲುಗಡೆಯ ಅರ್ಥಶಾಸ್ತ್ರವನ್ನು ಕುರಿತು 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಾರು ತನ್ನ ಆಯುಷ್ಯದ ಶೇ 95ರಷ್ಟು ಕಾಲ ನಿಂತೇ ಇರುತ್ತದೆಂದು ಲೆಕ್ಕ ತೋರಿಸಿದ್ದರು. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಯಾವುದಾದರೂ ಅಡ್ಡರಸ್ತೆಯಲ್ಲಿ ನಡುಹಗಲಿನಲ್ಲಿ ನಡೆದುಬಂದವರಿಗೆ ಇದಕ್ಕೆ ಬೇರೆ ಪುರಾವೆ ಬೇಕಾಗಲಾರದು. ಹಂಚಿಕೆಯ ಏರ್ಪಾಡು ಸ್ಥಿರ ವೆಚ್ಚವನ್ನು ಗಂಟೆಗಳ ಮೇಲೆ, ಕಿಲೋಮೀಟರುಗಳ ಮೇಲೆ ಹರಡುತ್ತದೆ. ಪ್ರತಿ ಸಲ ಹೊರಡುವಾಗಲೂ ಪೂರ್ಣ ಬೆಲೆ ಕಣ್ಣೆದುರಿಗೆ ಇರುವುದರಿಂದ ಜನ ಯೋಚಿಸಿ ಹೊರಡುತ್ತಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸೂಸನ್ ಶಹೀನ್ ಮತ್ತು ಎಲಿಯಟ್ ಮಾರ್ಟಿನ್ ಉತ್ತರ ಅಮೆರಿಕದ ಸದಸ್ಯರ ಸಮೀಕ್ಷೆ ನಡೆಸಿ, ಹಂಚಿಕೆಯ ಒಂದು ಕಾರು 9ರಿಂದ 13 ಖಾಸಗಿ ಕಾರುಗಳ ಜಾಗವನ್ನು ತುಂಬುತ್ತದೆಂದು ಅಂದಾಜಿಸಿದರು. ಸದಸ್ಯರೇ ಕೊಟ್ಟ ಉತ್ತರಗಳನ್ನು ಆಧರಿಸಿದ ಅಂದಾಜಾದ್ದರಿಂದ ಅದನ್ನು ಸ್ವಲ್ಪ ತಗ್ಗಿಸಿಕೊಂಡೇ ಓದಬೇಕು. ಅರ್ಧಕ್ಕೆ ಇಳಿಸಿದರೂ, ಒಂದು ಕೋಟಿಗೂ ಮೀರಿ ನೋಂದಾಯಿತ ವಾಹನಗಳನ್ನು ಹೊತ್ತಿರುವ ಬೆಂಗಳೂರಿನಂಥ ನಗರಕ್ಕೆ ಅದು ಸಣ್ಣ ಪ್ರಯೋಜನವಲ್ಲ.

ಕಲ್ಪನೆಯೇನೂ ಹೊಸದಲ್ಲ. 1948ರಲ್ಲಿ ಜ್ಯೂರಿಕ್ ನಗರದ ವಸತಿ ಸಹಕಾರ ಸಂಘವೊಂದರಲ್ಲಿ ಸೆಫಾಗೆ ಎಂಬ ಸಂಕ್ಷಿಪ್ತ ಹೆಸರಿನ ಒಕ್ಕೂಟ ಹುಟ್ಟಿತು. ಒಬ್ಬೊಬ್ಬರೇ ಕಾರು ಕೊಳ್ಳಲು ಶಕ್ತಿಯಿಲ್ಲದವರು ಸೇರಿ ಕೊಂಡು ಬಳಸಿದ ಆ ವ್ಯವಸ್ಥೆ 1998ರವರೆಗೆ ಬಾಳಿತು. 1974ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಲುಡ್ ಸ್ಖಿಮೆಲ್‌ಪೆನಿಂಕ್ ಎಂಬ ಉತ್ಸಾಹಿ ವಿಟ್‌ಕಾರ್ ಎಂಬ ಮೂರು ಚಕ್ರದ ಪುಟ್ಟ ವಿದ್ಯುತ್ ವಾಹನಗಳನ್ನು ಬೀದಿಗಿಳಿಸಿದರು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ, ಕಂಪ್ಯೂಟರಿನಿಂದ ನಿಯಂತ್ರಿತವಾದ ಆ ಯೋಜನೆ ತನ್ನ ಕಾಲಕ್ಕಿಂತ ಬಹಳ ಮುಂದಿತ್ತು; ಹಣವಿಲ್ಲದೆ 1986ರಲ್ಲಿ ನಿಂತುಹೋಯಿತು. ಮುಂದೆ 1987ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎರಡು ಸಣ್ಣ ಸಹಕಾರ ಸಂಘಗಳು ಹುಟ್ಟಿ, ಹತ್ತು ವರ್ಷಗಳ ನಂತರ 1997ರಲ್ಲಿ ಒಂದಾಗಿ ಮೊಬಿಲಿಟಿಯಾದವು. 1988ರಲ್ಲಿ ಬರ್ಲಿನ್ನಿನಲ್ಲಿ ಸ್ಟಾಟ್‌ಆಟೋ ಆರಂಭವಾಯಿತು. ಆ ದಿನಗಳ ವ್ಯವಸ್ಥೆ ಸರಳ. ನಿಲುಗಡೆಯ ಬಳಿ ಕೀಲಿಕೈಗಳನ್ನಿಟ್ಟ ಕಬ್ಬಿಣದ ಪೆಟ್ಟಿಗೆ, ದೂರವಾಣಿಯಲ್ಲಿ ಕಾಯ್ದಿರಿಸುವಿಕೆ, ಕಾರಿನೊಳಗೆ ಒಂದು ಪುಸ್ತಕ. ಹೊರಟಾಗಿನ ಕಿಲೋಮೀಟರು, ಮರಳಿದಾಗಿನ ಕಿಲೋಮೀಟರು, ಕಂಡ ದೋಷಗಳು ಇವನ್ನು ಸದಸ್ಯನೇ ಅದರಲ್ಲಿ ಬರೆಯಬೇಕಿತ್ತು. ಬರೆದುದನ್ನು ಸಂಘ ನಂಬುತ್ತಿತ್ತು.

ಸರ್ಕಾರಿ ಸೇವೆಯಲ್ಲಿ ಕಾಲ ಕಳೆದವರಿಗೆ ಈ ಪುಸ್ತಕ ಚಿರಪರಿಚಿತ. ಇಲಾಖೆಯ ಜೀಪಿನ ಮುಂಭಾಗದ ಖಾನೆಯಲ್ಲಿ ಅಂಚು ಸವೆದ ಲಾಗ್ ಬುಕ್ ಒಂದು ಇದ್ದೇ ಇರುತ್ತಿತ್ತು. ಚಾಲಕ ಬರೆಯುತ್ತಿದ್ದ, ಅಧಿಕಾರಿ ಸಹಿ ಮಾಡುತ್ತಿದ್ದರು, ಆಡಿಟ್ ಪಕ್ಷದವರು ವರ್ಷಕ್ಕೊಮ್ಮೆ ಬಂದು ತಿರುವಿಹಾಕುತ್ತಿದ್ದರು. 'ಕ್ಷೇತ್ರ ಪರಿಶೀಲನೆ' ಎಂಬ ಎರಡು ಪದಗಳ ನೆರಳಿನಲ್ಲಿ ಎಷ್ಟು ಮದುವೆಗಳು, ಎಷ್ಟು ದೇವಸ್ಥಾನಗಳು, ಎಷ್ಟು ಶಾಲಾ ಮಕ್ಕಳ ಸವಾರಿಗಳು ಅಡಗಿದ್ದವೆಂಬುದು ಸೇವೆಯಲ್ಲಿದ್ದವರಿಗೆಲ್ಲ ತಿಳಿದ ವಿಷಯ. ಇದನ್ನು ನಗೆಚಾಟಿಕೆಗಾಗಿ ಹೇಳುತ್ತಿಲ್ಲ. ತನ್ನದಲ್ಲದ ವಾಹನವನ್ನು ಮನುಷ್ಯ ಹೇಗೆ ಬಳಸುತ್ತಾನೆ ಎಂಬುದಕ್ಕೆ ಸರ್ಕಾರಿ ಜೀಪಿಗಿಂತ ಉತ್ತಮ ಪ್ರಯೋಗಶಾಲೆ ಬೇರೊಂದಿಲ್ಲ. ಕ್ಲಚ್ಚಿನ ಮೇಲಿಂದ ಕಾಲು ತೆಗೆಯದವನಿಗೆ ಕ್ಲಚ್ ಬದಲಾಯಿಸುವ ಖರ್ಚು ಬೀಳುವುದಿಲ್ಲ. ವಿಮಾಶಾಸ್ತ್ರದಲ್ಲಿ ಮಾರಲ್ ಹಜಾರ್ಡ್ ಎಂದು ಕರೆಯುವುದು ಇದನ್ನೇ: ಅಜಾಗರೂಕತೆಯ ನಷ್ಟ ಬೇರೊಬ್ಬರ ತಲೆಯ ಮೇಲೆ ಬೀಳುವಂತಿದ್ದರೆ ಜಾಗರೂಕತೆ ಕರಗಿಹೋಗುತ್ತದೆ.

ಸಾಮೂಹಿಕ ಸ್ವತ್ತಿನ ಈ ದುರ್ಗತಿಯನ್ನು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಹುಲ್ಲುಗಾವಲಿನ ದೃಷ್ಟಾಂತದೊಂದಿಗೆ ವಿವರಿಸಿದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಎಲ್ಲರ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ಹಸುವನ್ನು ಬಿಟ್ಟು ಕೊನೆಗೆ ಹುಲ್ಲೇ ಇಲ್ಲದಾಗುತ್ತದೆ ಎಂಬುದು ಅವರ ವಾದ. ಇದಕ್ಕೆ ಸಮರ್ಪಕ ಉತ್ತರ ಕೊಟ್ಟವರು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್. ಅವರು ಆರಿಸಿಕೊಂಡ ಉದಾಹರಣೆಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯೂ ಒಂದು. ಚಳಿಗಾಲದಲ್ಲಿ ತಾನು ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಬಿಡಬೇಕೆಂಬ ಕಟ್ಟಳೆ ಅಲ್ಲಿ 1517ರಿಂದ ಇದೆ. ಇಂಥ ಸಮುದಾಯಗಳು ನೂರಾರು ವರ್ಷ ಬಾಳಿದ್ದರ ಗುಟ್ಟು ಒಳ್ಳೆಯತನವೊಂದೇ ಅಲ್ಲವೆಂದು ಆಸ್ಟ್ರಮ್ ತೋರಿಸಿದರು. ಅಲ್ಲಿ ಕಾವಲು ಇತ್ತು. ಆದರೆ ಕಾಯುವವನು ಬಳಕೆದಾರರಲ್ಲೊಬ್ಬನಾಗಿರುತ್ತಿದ್ದ, ಇಲ್ಲವೇ ಅವರಿಗೆ ಉತ್ತರದಾಯಿಯಾಗಿರುತ್ತಿದ್ದ. ತಪ್ಪಿಗೆ ತಕ್ಕಷ್ಟು, ಮೊದಲು ಸಣ್ಣದು ಆಮೇಲೆ ದೊಡ್ಡದು ಎಂಬಂತೆ ದಂಡವಿರುತ್ತಿತ್ತು. ನಮ್ಮ ಕೆರೆಯಚ್ಚುಕಟ್ಟುಗಳ ನೀರುಗಂಟಿಯನ್ನು ಕಂಡವರಿಗೆ ಈ ಮಾತು ಹೊಸದೆನಿಸದು. ಯಾರ ಗದ್ದೆಗೆ ಎಷ್ಟು ನೀರು ಹರಿಯಿತೆಂಬುದು ಅವನಿಗೆ ತಿಳಿದಿರುತ್ತಿತ್ತು. ಅವನ ಕೂಲಿ ಸುಗ್ಗಿಯಲ್ಲಿ ಆ ಗದ್ದೆಗಳಿಂದಲೇ ಕಾಳಿನ ರೂಪದಲ್ಲಿ ಬರುತ್ತಿತ್ತು. ಪಕ್ಷಪಾತ ಮಾಡಿದರೆ ಊರಿನ ಮುಂದೆ ಉತ್ತರ ಹೇಳಬೇಕಿತ್ತು.

ಕಾರು ಹಂಚಿಕೆ ಸದಸ್ಯರ ಸಂಘದ ಹಂತ ದಾಟಿ ಉದ್ಯಮವಾಗಲು ಲಾಗ್ ಬುಕ್ಕಿಗಿಂತ ಗಟ್ಟಿಯಾದ ಕಾವಲು ಬೇಕಾಯಿತು. ಅದು ದೊರೆತದ್ದು ಶತಮಾನದ ತಿರುವಿನಲ್ಲಿ. 2000ದ ಮೇ 2ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ, ಜಿಪಿಎಸ್ ಉಪಗ್ರಹಗಳ ನಾಗರಿಕ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ತೆಗೆದುಹಾಕಲಾಯಿತು. ಅದುವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಸ್ಥಾನನಿರ್ಣಯ ರಾತ್ರಿ ಬೆಳಗಾಗುವುದರೊಳಗೆ ಬೀದಿಯನ್ನು ಗುರುತಿಸುವಷ್ಟು ನಿಖರವಾಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ ರಾಬಿನ್ ಚೇಸ್ ಮತ್ತು ಆಂಟ್ಯೆ ಡೇನಿಯಲ್ಸನ್ ಎಂಬ ಇಬ್ಬರು ಮಹಿಳೆಯರು ಜಿಪ್‌ಕಾರ್ ಸ್ಥಾಪಿಸಿದರು. ಸದಸ್ಯನ ಕಾರ್ಡನ್ನು ಗಾಜಿನ ಬಳಿ ಹಿಡಿದರೆ ಬಾಗಿಲು ತೆರೆಯುವ ಅವರ ವ್ಯವಸ್ಥೆ ಕೀಲಿಕೈ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿತು.

ಈ ಉಪಕರಣ ಕೆಲಸ ಮಾಡುವ ಬಗೆಯನ್ನು ಅರಿತರೆ ಮುಂದಿನ ಚರ್ಚೆ ಸುಲಭವಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಅಂಗೈಯಗಲದ ಒಂದು ಪೆಟ್ಟಿಗೆಯಿರುತ್ತದೆ. ಅದರಲ್ಲಿ ಉಪಗ್ರಹ ಸಂಕೇತವನ್ನು ಹಿಡಿಯುವ ಗ್ರಾಹಕ, ಮೊಬೈಲ್ ಫೋನಿನದೇ ರೀತಿಯ ಸಿಮ್ ಕಾರ್ಡ್, ಮತ್ತು ಕಾರಿನ ಒಳಗಿನ ವಿದ್ಯುನ್ಮಾನ ಜಾಲಕ್ಕೆ ಒಂದು ತಂತಿ. ಕಾರು ಎಲ್ಲಿದೆ ಎಂಬುದನ್ನು ಮೊದಲನೆಯದು ತಿಳಿಯುತ್ತದೆ. ಎರಡನೆಯದು ಅದನ್ನು ದೂರದ ಕಂಪ್ಯೂಟರಿಗೆ ತಿಳಿಸುತ್ತದೆ. ಮೂರನೆಯದರಿಂದ ವೇಗ, ಇಂಧನದ ಮಟ್ಟ, ಓಡಿದ ದೂರ, ಬಾಗಿಲು ತೆರೆದ ಹೊತ್ತು ಇವೆಲ್ಲ ದೊರೆಯುತ್ತವೆ. ಆಜ್ಞೆ ಎದುರು ದಿಕ್ಕಿನಲ್ಲಿಯೂ ಹರಿಯಬಲ್ಲದು: ಕಾಯ್ದಿರಿಸಿದ ಅವಧಿ ಆರಂಭವಾದರೆ ಬಾಗಿಲು ತೆರೆಯಬಹುದು, ಬಾಡಿಗೆ ಬಾಕಿಯಿದ್ದರೆ ಎಂಜಿನ್ ಮತ್ತೆ ಚಾಲೂ ಆಗದಂತೆ ತಡೆಯಬಹುದು. 2008ರ ಕೊನೆಯಲ್ಲಿ ಡೈಮ್ಲರ್ ಕಂಪನಿ ಜರ್ಮನಿಯ ಉಲ್ಮ್ ನಗರದಲ್ಲಿ ಕಾರ್‌ಟುಗೋ ಪ್ರಯೋಗವನ್ನು ಆರಂಭಿಸಿದ್ದು ಈ ಪೆಟ್ಟಿಗೆಯ ಬಲದ ಮೇಲೆಯೇ. ನಗರದ ಎಲ್ಲೆಯೊಳಗೆ ಎಲ್ಲಿ ಬೇಕಾದರೂ ಕಾರನ್ನು ಬಿಟ್ಟುಹೋಗಬಹುದೆಂಬ ಸ್ವಾತಂತ್ರ್ಯ, ಕಾರು ತಾನೆಲ್ಲಿದ್ದೇನೆಂದು ತಾನೇ ಹೇಳಬಲ್ಲದಾದ್ದರಿಂದ ಸಾಧ್ಯವಾಯಿತು. ಗ್ರಾಹಕನಿಗೆ ದೊರೆತ ಆ ಅನುಕೂಲವೂ ಅವನ ಮೇಲಿನ ಕಾವಲೂ ಒಂದೇ ತಂತಿಯಲ್ಲಿ ಹರಿಯುತ್ತವೆ.

ಪೆಟ್ಟಿಗೆಗೆ ಎಷ್ಟು ತಿಳಿಯುತ್ತದೆ ಎಂಬುದಕ್ಕೆ ಜಪಾನಿನ ಒಂದು ಸಂಗತಿ ರೋಚಕವಾಗಿದೆ. ಕೆಲವು ಗ್ರಾಹಕರು ಕಾರನ್ನು ಬಾಡಿಗೆಗೆ ಪಡೆದು ಒಂದಡಿಯೂ ಓಡಿಸದೆ ಹಿಂದಿರುಗಿಸುತ್ತಿದ್ದುದು ಅಲ್ಲಿನ ಕಂಪನಿಗಳ ದಾಖಲೆಯಲ್ಲಿ ಕಂಡುಬಂತು. ವಿಚಾರಿಸಿದಾಗ ಜನ ಆ ಕಾರುಗಳಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದರು, ನಿದ್ರಿಸುತ್ತಿದ್ದರು, ಫೋನಿಗೆ ವಿದ್ಯುತ್ ತುಂಬಿಸಿಕೊಳ್ಳುತ್ತಿದ್ದರು ಎಂದು ತಿಳಿಯಿತು. 2019ರಲ್ಲಿ ಅಸಾಹಿ ಪತ್ರಿಕೆ ಇದನ್ನು ವರದಿ ಮಾಡಿದಾಗ ಜಗತ್ತು ನಕ್ಕಿತು. ಕಿಕ್ಕಿರಿದ ನಗರದಲ್ಲಿ ಅರ್ಧ ಗಂಟೆಯ ಏಕಾಂತವನ್ನು ಕಾಸು ಕೊಟ್ಟು ಕೊಂಡವರು ಅವರು. ಆ ಏಕಾಂತವೂ ದಾಖಲಾಗಿತ್ತು.

ಇಷ್ಟೆಲ್ಲ ಕಣ್ಣಿದ್ದೂ ಉದ್ಯಮ ಸರ್ವತ್ರ ಲಾಭ ಗಳಿಸಲಿಲ್ಲವೆಂಬುದು ಗಮನಾರ್ಹ. ಪ್ಯಾರಿಸ್ಸಿನಲ್ಲಿ 2011ರ ಡಿಸೆಂಬರಿನಲ್ಲಿ ಬೊಲೊರೆ ಉದ್ಯಮ ಸಮೂಹದೊಡನೆ ಆರಂಭವಾದ ಆಟೋಲಿಬ್ ವಿದ್ಯುತ್ ಕಾರು ಸೇವೆ, ನಷ್ಟವನ್ನು ಯಾರು ಹೊರಬೇಕೆಂಬ ಜಗಳದಲ್ಲಿ 2018ರ ಜುಲೈ ಕೊನೆಗೆ ನಿಂತಿತು. ಡೈಮ್ಲರ್ ಮತ್ತು ಬಿಎಂಡಬ್ಲ್ಯು ತಮ್ಮ ಸೇವೆಗಳನ್ನು 2019ರಲ್ಲಿ ಶೇರ್‌ನೌ ಎಂದು ಒಂದುಗೂಡಿಸಿ, 2020ರಲ್ಲಿ ಉತ್ತರ ಅಮೆರಿಕದಿಂದ ಹಿಂದೆ ಸರಿದು, 2022ರಲ್ಲಿ ಉಳಿದದ್ದನ್ನು ಸ್ಟೆಲಾಂಟಿಸ್ ಕಂಪನಿಗೆ ಮಾರಿದವು. ನಿಲುಗಡೆಯ ಶುಲ್ಕ, ವಿಮೆಯ ದುಬಾರಿ ಕಂತು, ನಗರಾಡಳಿತದ ನಿಲುವು ಇವು ಉಪಗ್ರಹಕ್ಕೆ ನಿಲುಕದ ಸಮಸ್ಯೆಗಳು. ಕಳ್ಳತನವೂ ಪೂರ್ಣವಾಗಿ ನಿಲುಕಲಿಲ್ಲ. 2019ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ವಂಚಕರು ಆ್ಯಪ್ ಮೂಲಕವೇ ಹತ್ತಾರು ಮರ್ಸಿಡಿಸ್ ಕಾರುಗಳನ್ನು ಲಪಟಾಯಿಸಿದಾಗ ಕಂಪನಿ ಅಲ್ಲಿನ ಸೇವೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಬೇಕಾಯಿತು. ಹತ್ತಾರು ಸಾವಿರ ಸದಸ್ಯರೇ ಒಡೆಯರಾಗಿರುವ ಸ್ವಿಸ್ ಸಂಘ, ಷೇರುಪೇಟೆಯ ಅವಸರವಿಲ್ಲದೆ ಸುಮಾರು ಮೂರು ಸಾವಿರ ವಾಹನಗಳೊಡನೆ ಈ ಬಿರುಗಾಳಿಯನ್ನು ದಾಟಿತು. ಇದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಈಗ ಕಾವಲಿನ ಇನ್ನೊಂದು ಮುಖಕ್ಕೆ ಬರೋಣ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ಬಾಡಿಗೆ ಕಾರಿನ ಸಂಸ್ಥೆಯೊಂದು, ಕಾರು ನಿಗದಿತ ವೇಗವನ್ನು ಮೀರಿದಾಗಲೆಲ್ಲ ಗ್ರಾಹಕನ ಬ್ಯಾಂಕ್ ಕಾರ್ಡಿನಿಂದ ತಲಾ 150 ಡಾಲರ್ ಕಡಿದುಕೊಳ್ಳುತ್ತಿತ್ತು. 2001ರಲ್ಲಿ ವಿಷಯ ಬಯಲಾಯಿತು. ಪೊಲೀಸನೂ ಅದೇ, ನ್ಯಾಯಾಧೀಶನೂ ಅದೇ, ದಂಡದ ಹಣ ಜೇಬಿಗಿಳಿಸುವುದೂ ಅದೇ! ಸಂಸ್ಥೆಗಾದ ನಷ್ಟಕ್ಕೂ ಈ ವಸೂಲಿಗೂ ಸಂಬಂಧವಿಲ್ಲವೆಂದು ಅಲ್ಲಿನ ಗ್ರಾಹಕ ಸಂರಕ್ಷಣಾ ಇಲಾಖೆ ಕೈಗೊಂಡ ಕ್ರಮವನ್ನು 2005ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅತಿವೇಗ ತಪ್ಪೇ. ಆದರೆ ಗ್ರಾಹಕನಿಗೆ ಅರ್ಥವಾಗುವಂತೆ ತಿಳಿಸದೆ ಅಳೆಯುವುದು, ಅಳತೆಯನ್ನು ಪ್ರಶ್ನಿಸಲು ಎಡೆಕೊಡದೆ ದಂಡಿಸುವುದು ಇನ್ನೊಂದು ತಪ್ಪು.

ಜರ್ಮನಿಯ ಕೋಲೋನ್ ನಗರದ ಪ್ರಕರಣ ಇನ್ನೂ ಜಟಿಲ. 2015ರಲ್ಲಿ ಅಲ್ಲಿ ಹಂಚಿಕೆಯ ಕಾರೊಂದು ಢಿಕ್ಕಿ ಹೊಡೆದು ಸೈಕಲ್ ಸವಾರರೊಬ್ಬರು ಸತ್ತರು. ಕಾರು ಸಾಗಿದ ದಾರಿ ಮತ್ತು ವೇಗದ ದತ್ತಾಂಶವನ್ನು ತಯಾರಕ ಕಂಪನಿಯಿಂದ ಪಡೆದು, 2016ರಲ್ಲಿ ನ್ಯಾಯಾಲಯ ಚಾಲಕನನ್ನು ಶಿಕ್ಷಿಸಿತು. ಸತ್ತವನ ಕುಟುಂಬಕ್ಕೆ ನ್ಯಾಯ ದೊರೆಯಿತು, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ತಾವು ಓಡಿಸುವ ಕಾರು ಇಷ್ಟೊಂದನ್ನು ನೆನಪಿಟ್ಟುಕೊಳ್ಳುತ್ತದೆಂಬ ವಿಷಯ ಸಾವಿರಾರು ಜರ್ಮನ್ ಗ್ರಾಹಕರಿಗೆ ತಿಳಿದದ್ದು ಪತ್ರಿಕೆಗಳಿಂದ. ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಜೋನ್ಸ್ ಪ್ರಕರಣದಲ್ಲಿ, ಪೊಲೀಸರು ಊರ್ಜಿತ ವಾರಂಟ್ ಇಲ್ಲದೆ ವಾಹನಕ್ಕೆ ಜಿಪಿಎಸ್ ಉಪಕರಣ ಅಂಟಿಸಿ 28 ದಿನ ಹಿಂಬಾಲಿಸಿದ್ದನ್ನು ಸಂವಿಧಾನಬಾಹಿರವೆಂದು ಒಮ್ಮತದಿಂದ ಹೇಳಿತು. ಹಂಚಿಕೆಯ ಕಾರಿಗೆ ಯಾರೂ ಬಂದು ಉಪಕರಣ ಅಂಟಿಸಬೇಕಾಗಿಲ್ಲ. ಅದು ಕಾರ್ಖಾನೆಯಿಂದಲೇ ಬಂದಿರುತ್ತದೆ, ಇಲ್ಲವೇ ನಾವು ಆ್ಯಪ್‌ನಲ್ಲಿ ಓದದೆ ಒಪ್ಪಿದ ಷರತ್ತುಗಳೊಂದಿಗೆ ಬರುತ್ತದೆ.

ಸ್ವಂತ ಕಾರು ಉಳ್ಳವರು ಇದು ಬಾಡಿಗೆಯವರ ಪಾಡೆಂದು ಭಾವಿಸಬಾರದು. ಜನರಲ್ ಮೋಟರ್ಸ್ ತನ್ನ ಗ್ರಾಹಕರ ಸಂಚಾರ ಹಾಗೂ ಚಾಲನೆಯ ವಿವರಗಳನ್ನು ಮಾರುತ್ತಿತ್ತೆಂದು 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. ಆ ವಿವರಗಳು ವಿಮಾ ಕಂಪನಿಗಳನ್ನೂ ತಲುಪಿ ಕೆಲವರ ಕಂತು ಏರಿತ್ತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು ಎಂಟು ಲಕ್ಷ ವಿದ್ಯುತ್ ಕಾರುಗಳ ದತ್ತಾಂಶ ರಕ್ಷಣೆಯಿಲ್ಲದೆ ಅಂತರಜಾಲದಲ್ಲಿ ಬಿದ್ದಿದ್ದುದನ್ನು ಡೇರ್ ಶ್ಪೀಗೆಲ್ ಪತ್ರಿಕೆ ಬಯಲಿಗೆಳೆದಿತ್ತು.

ಭಾರತದಲ್ಲಿ ಈ ಉದ್ಯಮದ ತೊಟ್ಟಿಲು ಬೆಂಗಳೂರೇ. ಜೂಮ್‌ಕಾರ್ ಸಂಸ್ಥೆ 2013ರಲ್ಲಿ ಇಲ್ಲಿ ಏಳು ಕಾರುಗಳೊಡನೆ ಆರಂಭವಾಯಿತು. ವಾರಾಂತ್ಯದಲ್ಲಿ ಚಿಕ್ಕಮಗಳೂರಿಗೋ ಮಡಿಕೇರಿಗೋ ಹೊರಡುವ ಯುವ ಉದ್ಯೋಗಿಗಳು ಅದರ ಗ್ರಾಹಕರಾದರು. ಇದಕ್ಕೆ ದೊರೆತ ಕಾನೂನಿನ ಚೌಕಟ್ಟು ಮಾತ್ರ ಬೇರೆಯೇ ಯುಗದ್ದು: ಕಪ್ಪು ಫಲಕದ ಮೇಲೆ ಹಳದಿ ಅಕ್ಷರ, ಕನಿಷ್ಠ 50 ವಾಹನಗಳಿರಬೇಕೆಂಬ ಷರತ್ತು ಇತ್ಯಾದಿಗಳನ್ನೊಳಗೊಂಡ 1989ರ ರೆಂಟ್ ಎ ಕ್ಯಾಬ್ ಯೋಜನೆ. ವಿದೇಶಿ ಪ್ರವಾಸಿಗರನ್ನೂ ದೊಡ್ಡ ಕಂಪನಿಗಳನ್ನೂ ಕಣ್ಣಮುಂದಿಟ್ಟುಕೊಂಡಂತೆ ಕಾಣುವ ಆ ನಿಯಮಗಳಲ್ಲಿ ಸ್ಥಳ ದತ್ತಾಂಶದ ಪ್ರಸ್ತಾಪವಿರಲು ಸಾಧ್ಯವೇ ಇರಲಿಲ್ಲ. ಕೊರೊನಾ ನಂತರ ಸಂಸ್ಥೆ ಸ್ವಂತ ಕಾರುಗಳನ್ನು ಬಿಟ್ಟು, ಇತರರ ಕಾರುಗಳನ್ನು ಬಳಕೆದಾರರಿಗೆ ಒದಗಿಸುವ ಮಾರುಕಟ್ಟೆಯಾಗಿ ಬದಲಾಯಿತು. ಆಗ ಪ್ರಶ್ನೆ ಇನ್ನಷ್ಟು ಗೋಜಲಾಯಿತು. ಇಂಥ ಮಾರುಕಟ್ಟೆಯಲ್ಲಿ ಕಾರಿನ ಒಡೆಯನೊಬ್ಬ, ಆ್ಯಪ್ ನಡೆಸುವ ಕಂಪನಿಯೊಂದು, ಉಪಕರಣ ಒದಗಿಸುವ ಸಂಸ್ಥೆ ಇನ್ನೊಂದು. ಒಡೆಯ ತನ್ನ ಭದ್ರತೆಗೆಂದು ಸೀಟಿನ ಕೆಳಗೆ ಸಾವಿರ ರೂಪಾಯಿಯ ಆಸುಪಾಸಿನ ಇನ್ನೊಂದು ಜಿಪಿಎಸ್ ಅಡಗಿಸಿಟ್ಟರೆ ಅದನ್ನು ತಿಳಿಯುವ ಮಾರ್ಗ ಬಾಡಿಗೆದಾರನಿಗಿಲ್ಲ. ಒಡೆಯನ ಭಯವೂ ನಿರಾಧಾರವಲ್ಲ. ಬಾಡಿಗೆಗೆ ಪಡೆದ ಕಾರನ್ನು ಗಿರವಿಯಿಟ್ಟ, ಉಪಕರಣ ಕಿತ್ತೆಸೆದು ಬೇರೆ ರಾಜ್ಯಕ್ಕೆ ಸಾಗಿಸಿದ ಪ್ರಕರಣಗಳು ನಮ್ಮ ಪೊಲೀಸ್ ಠಾಣೆಗಳಿಗೆ ಅಪರಿಚಿತವಲ್ಲ. ಆದರೂ ಅಪರಿಚಿತನೊಬ್ಬ, ತನ್ನ ಕಾರನ್ನು ಪಡೆದ ಯುವತಿ ಯಾವ ಮನೆಯ ಮುಂದೆ ಎಷ್ಟು ಹೊತ್ತು ನಿಂತಳೆಂದು ಮೊಬೈಲಿನಲ್ಲಿ ನೋಡುತ್ತ ಕೂರಬಹುದೆಂಬುದು ಯಾವ ತಂದೆತಾಯಿಗೂ ನೆಮ್ಮದಿ ತರುವ ವಿಚಾರವಲ್ಲ.

2025ರ ಜೂನ್‌ನಲ್ಲಿ ಜೂಮ್‌ಕಾರಿನ ಸುಮಾರು 84 ಲಕ್ಷ ಬಳಕೆದಾರರ ವಿವರಗಳು ಅನಧಿಕೃತ ವ್ಯಕ್ತಿಯ ಕೈಸೇರಿದ ವಿಷಯ ಹೊರಬಂತು. ಹೆಸರು, ದೂರವಾಣಿ ಸಂಖ್ಯೆ, ವಿಳಾಸ, ವಾಹನ ನೋಂದಣಿ ಸಂಖ್ಯೆ ಅದರಲ್ಲಿದ್ದವು. ಹಣಕಾಸಿನ ವಿವರ ಹಾಗೂ ಪಾಸ್‌ವರ್ಡ್‌ಗಳು ಸೋರಿದ ಕುರುಹಿಲ್ಲವೆಂದು ಸಂಸ್ಥೆ ಹೇಳಿತು. ನನ್ನ ಗಮನ ಸೆಳೆದದ್ದು ವಿಷಯ ಹೊರಬಂದ ಬಗೆ. ಕಂಪನಿಯ ಷೇರುಗಳು 2023ರ ಕೊನೆಯಿಂದ ಅಮೆರಿಕದಲ್ಲಿ ಪಟ್ಟಿಯಾಗಿದ್ದವು. ಹಾಗಾಗಿ ಅಲ್ಲಿನ ಷೇರು ನಿಯಂತ್ರಣ ಆಯೋಗಕ್ಕೆ ಸಲ್ಲಿಸಬೇಕಾದ ಹೇಳಿಕೆಯಲ್ಲಿ ಅದು ಪ್ರಕಟವಾಯಿತು. ಬೆಂಗಳೂರಿನ ಬಳಕೆದಾರನ ಹಿತ ಕಾಯ್ದದ್ದು, ನ್ಯೂಯಾರ್ಕಿನ ಹೂಡಿಕೆದಾರನಿಗಾಗಿ ಮಾಡಿದ ಕಾನೂನು.

ನಮ್ಮಲ್ಲಿ ತತ್ತ್ವಕ್ಕೇನೂ ಕೊರತೆಯಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಪ್ರಮುಖ ಹೊಣೆಗಾರಿಕೆಗಳ ಜಾರಿಗೆ ನಿಯಮಗಳು ಕೊಟ್ಟ ಕಾಲಾವಕಾಶ 18 ತಿಂಗಳು, ಅಂದರೆ 2027ರ ಮೇ. ಇನ್ನೊಂದು ವಿಚಿತ್ರವೂ ಉಂಟು. ಉದ್ದೇಶ ಮುಗಿದ ಮೇಲೆ ವಿವರಗಳನ್ನು ಅಳಿಸಬೇಕೆಂದು ಕಾಯಿದೆ ಹೇಳಿದರೆ, ಸರ್ಕಾರದ ಸಂಭಾವ್ಯ ಅಗತ್ಯಗಳಿಗಾಗಿ ಅವನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರಬೇಕೆಂದು ನಿಯಮ ಹೇಳುತ್ತದೆ. ಗರಿಷ್ಠ ಮಿತಿ ಇರಬೇಕಾದ ಕಡೆ ಕನಿಷ್ಠ ಮಿತಿ ಬಂದು ಕುಳಿತಿದೆ. ಕಡತಗಳನ್ನು ವಿಲೇವಾರಿ ಮಾಡದೆ ಬೀರುವಿನಲ್ಲಿ ತುಂಬಿಡುವುದು ನಮ್ಮ ಕಚೇರಿಗಳ ಹಳೆಯ ಚಟ. ಅದನ್ನು ಈಗ ಖಾಸಗಿ ಕಂಪನಿಗಳಿಗೂ ಕಲಿಸಿದಂತಾಯಿತು.

'ಮುಚ್ಚಿಡುವಂಥದ್ದು ಏನೂ ಇಲ್ಲದವನಿಗೆ ಭಯವೇಕೆ?' ಎಂದು ಕೇಳುವವರಿದ್ದಾರೆ. ನನ್ನ ಸಹೋದ್ಯೋಗಿಗಳಲ್ಲಿಯೂ ಅನೇಕರು ಹೀಗೆಯೇ ಕೇಳುತ್ತಾರೆ. ವೈದ್ಯರ ಬಳಿಗೆ, ವಕೀಲರ ಬಳಿಗೆ, ಮನಸ್ತಾಪವಿರುವ ಅಣ್ಣನ ಮನೆಗೆ, ರಾಜಕೀಯ ಸಭೆಗೆ ಹೋಗಿಬರುವುದು ಅಪರಾಧವಲ್ಲ. ಆದರೂ ಅದು ಊರಿಗೆಲ್ಲ ತಿಳಿಯಲೆಂದು ಯಾರೂ ಬಯಸುವುದಿಲ್ಲ. ಇನ್ನೊಂದು ತುದಿಯಲ್ಲಿ, ಉಪಕರಣವನ್ನೇ ನಿಷೇಧಿಸಬೇಕೆನ್ನುವವರ ವಾದವೂ ನಿಲ್ಲುವುದಿಲ್ಲ. ಅದಿಲ್ಲದಿದ್ದರೆ ಅಪರಿಚಿತರ ನಡುವಿನ ಹಂಚಿಕೆ ಮುರಿದುಬಿದ್ದು, ಪ್ರತಿಯೊಬ್ಬನೂ ತನ್ನದೇ ಕಾರು ಕೊಳ್ಳುವ ಹಳೆಯ ಹಾದಿಗೆ ಮರಳುತ್ತಾನೆ. ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳಸೂಚಕ ಸಾಧನ ಹಾಗೂ ತುರ್ತು ಗುಂಡಿಯನ್ನು ಕಡ್ಡಾಯಗೊಳಿಸಿದ 2016ರ ಕೇಂದ್ರ ನಿಯಮದ ಹಿಂದೆ ಮಹಿಳೆಯರ ಸುರಕ್ಷತೆಯ ನಿಜವಾದ ಕಾಳಜಿಯಿತ್ತು ಎಂಬುದನ್ನೂ ಮರೆಯಬಾರದು. ಬೇಲಿ ಬೇಕು. ಬೇಲಿಯೇ ಎದ್ದು ಹೊಲ ಮೇಯದಂತೆ ನೋಡಿಕೊಳ್ಳುವುದು ಹೇಗೆಂಬುದಷ್ಟೇ ಪ್ರಶ್ನೆ.

ಆಡಳಿತದ ದೃಷ್ಟಿಯಿಂದ ಇದು ಕಷ್ಟದ ಕೆಲಸವಲ್ಲ. ಬಿಲ್ ಮಾಡಲು ಬೇಕಾದದ್ದು ಹೊರಟ ಹೊತ್ತು, ಮರಳಿದ ಹೊತ್ತು, ಓಡಿದ ದೂರ, ಇಂಧನ. ನಡುವಿನ ದಾರಿ ಬಿಲ್ಲಿಗೆ ಬೇಕಿಲ್ಲ. ಕಾಯ್ದಿರಿಸಿದ ಅವಧಿ ನಡೆಯುತ್ತಿರುವಾಗ ಸ್ಥಳವನ್ನು ಉಪಕರಣ ತನ್ನೊಳಗೇ ಇಟ್ಟುಕೊಂಡಿರಲಿ. ಕಾರು ಒಪ್ಪಿದ ಗಡಿ ದಾಟಿದರೆ, ಅಪಘಾತವಾದರೆ, ಅವಧಿ ಮುಗಿದೂ ಮರಳದಿದ್ದರೆ ಮಾತ್ರ ಕೇಂದ್ರಕ್ಕೆ ತಿಳಿಸಲಿ. ಇದು ಇಂದಿನ ತಂತ್ರಜ್ಞಾನಕ್ಕೆ ಹೊಸ ಸವಾಲೇನಲ್ಲ. ಲೆಕ್ಕ ಚುಕ್ತಾ ಆಗಿ ತಕರಾರಿನ ಅವಧಿ ಕಳೆದ ಮೇಲೆ ದಾರಿಯ ದಾಖಲೆ ಅಳಿಯಲಿ. ಪೊಲೀಸರಿಗೆ ವಿವರ ಬೇಕಾದರೆ ಲಿಖಿತ ಆದೇಶದ ಮೇಲೆ ಕೊಡಲಿ, ಕೊಟ್ಟದ್ದನ್ನು ನೋಂದಣಿ ಪುಸ್ತಕದಲ್ಲಿ ದಾಖಲಿಸಲಿ, ತನಿಖೆ ಮುಗಿದ ಮೇಲೆ ಬಳಕೆದಾರನಿಗೂ ತಿಳಿಸಲಿ. ಕಾರಿನೊಡೆಯ ಅಳವಡಿಸಿದ ಎರಡನೆಯ ಉಪಕರಣ ಘೋಷಿತವಾಗಿರಲಿ. ಅಘೋಷಿತವಾದರೆ ಅದನ್ನು ಅಪರಾಧವೆಂದು ಪರಿಗಣಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಬಗ್ಗೆ ಏನು ದಾಖಲಾಗಿದೆಯೆಂಬುದನ್ನು ಬಳಕೆದಾರ ಅದೇ ಆ್ಯಪ್‌ನಲ್ಲಿ, ಕನ್ನಡದಲ್ಲಿ, ಓದುವಂತಿರಲಿ. ಹಳೆಯ ಲಾಗ್ ಬುಕ್ಕಿಗೆ ಎಷ್ಟೇ ದೋಷಗಳಿದ್ದರೂ ಒಂದು ಗುಣವಿತ್ತು: ಅದು ಕಾರಿನೊಳಗೇ ಇರುತ್ತಿತ್ತು, ತನ್ನ ಹೆಸರಿನ ಮುಂದೆ ಏನು ಬರೆದಿದೆಯೆಂದು ಯಾರು ಬೇಕಾದರೂ ತೆರೆದು ನೋಡಬಹುದಿತ್ತು.

1989ರ ಯೋಜನೆಯ ತಿದ್ದುಪಡಿ ಕೇಂದ್ರದ ಕೆಲಸ. ಅದರಡಿ ಪರವಾನಗಿ ಕೊಡುವವರು ಮಾತ್ರ ರಾಜ್ಯದ ಸಾರಿಗೆ ಅಧಿಕಾರಿಗಳು. ವೈಟ್ ಬೋರ್ಡ್ ಕಾರುಗಳನ್ನು ಬಾಡಿಗೆಗೆ ಬಿಡುವವರ ವಿರುದ್ಧ ಆಗಾಗ ಕಾರ್ಯಾಚರಣೆ ನಡೆಸಿ ದಂಡ ವಸೂಲು ಮಾಡುವ ಇಲಾಖೆ, ಫಲಕದ ಬಣ್ಣವನ್ನು ನೋಡುವ ಹೊತ್ತಿನಲ್ಲಿಯೇ ಡ್ಯಾಶ್‌ಬೋರ್ಡಿನ ಹಿಂದಿನ ಪೆಟ್ಟಿಗೆಯ ದತ್ತಾಂಶ ಯಾರಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ ಎಂದು ಪರವಾನಗಿದಾರರಿಂದ ಲಿಖಿತ ಹೇಳಿಕೆ ಕೇಳಬಹುದು. ಅದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಲೂಬಹುದು. ಅದಕ್ಕೆ 2027ರ ಮೇ ತಿಂಗಳವರೆಗೆ ಕಾಯಬೇಕಾಗಿಲ್ಲ.